ಅತ್ತೆ ಮಾವ ತೋಟ ಬಿಟ್ಟು ಮೂರು ತಿಂಗಳಿಗೆ ಬರುತ್ತಿದ್ದಾರೆ, ಇಲ್ಲಿ ಅವರಿಗೆ ಹೊತ್ತು ಹೋಗೋದು ಹೇಗೆ?

ನೇಪರ್‌ವಿಲ್ ಸೊಸೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡ್ಕೋಬೇಡಿ.

ನಾವು ಶಿಕಾಗೋ ಹತ್ತಿರ ನೇಪರ್‌ವಿಲ್‌ನಲ್ಲಿದ್ದೇವೆ. ನಾನು ಮೈಸೂರಿನವಳು, ನಮ್ಮವರು ಶಿರಸಿ ಕಡೆಯವರು. ಮಗಳಿಗೆ 9, ಮಗನಿಗೆ 4. ಅತ್ತೆ ಮಾವ ಇದೇ ಮೊದಲ ಸಲ ಇಲ್ಲಿಗೆ ಬರುವ ಮನಸ್ಸು ಮಾಡಿದ್ದಾರೆ. ಹತ್ತು ವರ್ಷ ಕರೆದು ಕರೆದು ಸಾಕಾಗಿತ್ತು, ಈಗ ಅಂತೂ ವೀಸಾ ಕೈಗೆ ಬಂದಿದೆ. ಮಾವನಿಗೆ 71, ಬಿಪಿ ಇದೆ. ಅತ್ತೆಗೆ 66, ಶುಗರ್ ಮತ್ತು ಮಂಡಿ ನೋವು.

ಮೊದಲ ತಲೆನೋವು ಯಾವಾಗ ಕರೆಸಬೇಕು ಅನ್ನೋದು. ಅವರದ್ದು ಅಡಿಕೆ ತೋಟ. ನವೆಂಬರಿನಿಂದ ಫೆಬ್ರವರಿವರೆಗೆ ಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು. ಆಗ ಮಾವ ಶಿರಸಿ ಪೇಟೆಗೆ ಹೋಗೋದೇ ಕಷ್ಟ, ಶಿಕಾಗೋ ದೂರದ ಮಾತು. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಕೊಳೆ ರೋಗಕ್ಕೆ ಮದ್ದು ಹೊಡೆಸಬೇಕು. ಅದಾಗಿ 40-45 ದಿನಕ್ಕೆ ಇನ್ನೊಂದು ಸಲ. ಇಲ್ಲಿ ಮಕ್ಕಳಿಗೆ ರಜೆ ಶುರುವಾಗೋದು ಜೂನ್‌ನಲ್ಲಿ. ಮೊಮ್ಮಕ್ಕಳಿಗೆ ಬಿಡುವಾದಾಗ ಅಜ್ಜನಿಗೆ ಬಿಡುವಿಲ್ಲ, ಅಜ್ಜನಿಗೆ ಬಿಡುವಾದಾಗ ಮೊಮ್ಮಕ್ಕಳಿಗೆ ಸ್ಕೂಲು.

ಎರಡನೆಯದು ವಾರದ ದಿನಗಳು. ನಮ್ಮವರು ವಾರಕ್ಕೆ ಮೂರು ದಿನ ಆಫೀಸಿಗೆ ಹೋಗುತ್ತಾರೆ. ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ ನಿಜ, ಆದರೆ ಬೆಳಗ್ಗೆ ಎಂಟರಿಂದ ಮೀಟಿಂಗ್ ಮೇಲೆ ಮೀಟಿಂಗ್, ಮನೆಯಲ್ಲಿದ್ದೂ ಇಲ್ಲದ ಹಾಗೆ. ನಾನು ಒಂದು ಪಟ್ಟಿ ಮಾಡಿದ್ದೇನೆ: ನಯಾಗರಾ, ವಾಷಿಂಗ್ಟನ್, ಅರೋರಾದ ಬಾಲಾಜಿ ದೇವಸ್ಥಾನ, ಲೆಮಾಂಟ್‌ನ ರಾಮ ದೇವಸ್ಥಾನ, ಇಂಡಿಯನ್ ಅಂಗಡಿಗಳಿರುವ ಡೆವಾನ್ ರಸ್ತೆ. ಎಲ್ಲ ಸೇರಿಸಿದರೂ ಹದಿನೈದು ದಿನ ಆಗುತ್ತದೆ. ಉಳಿದ ಎಪ್ಪತ್ತೈದು ದಿನ?

ಮೊನ್ನೆ ವಿಡಿಯೋ ಕಾಲಿನಲ್ಲಿ ಮಾವ ಸುಮ್ನೆ ಕೇಳಿದರು, "ಅಲ್ಲ ತಂಗೀ, ಅಲ್ಲಿ ನಾನು ಬೆಳಗ್ಗೆ ಎದ್ದು ಎಂತ ಮಾಡೋದು?" ನಾನು ನಕ್ಕು ಮಾತು ಬದಲಾಯಿಸಿದೆ. ನಿಜ ಹೇಳಬೇಕೆಂದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಮನುಷ್ಯ ಐದು ಗಂಟೆಗೆ ಎದ್ದು ತೋಟಕ್ಕೆ ಒಂದು ಸುತ್ತು ಹಾಕಿ ಬಂದೇ ಆಸರಿ (ಚಾ, ಕಷಾಯ ಏನಾದರೂ) ಕುಡಿಯೋರು. ನನ್ನ ಗೆಳತಿಯ ಅಪ್ಪ ಅಮ್ಮ ಇಲ್ಲಿ ಐದು ತಿಂಗಳು ಇದ್ದು, ಸೋಫಾದಲ್ಲಿ ಕೂತಲ್ಲೇ ಕೂತು, ಟಿಕೆಟ್ ತಾರೀಕಿಗಿಂತ ಮೊದಲೇ ಹೊರಡುವ ಹಾಗೆ ಬದಲಾಯಿಸಿಕೊಂಡು ಹೊರಟೇ ಹೋದರು. ನಮ್ಮಲ್ಲಿ ಹಾಗಾಗಬಾರದು.

ಕರೆಸಿದ ಅನುಭವ ಇರೋರು ಹೇಳಿ.

---

ಲೆಕ್ಕದ ಮನುಷ್ಯ

ಹೊತ್ತು ಹೋಗುವ ವಿಷಯ ಬೇರೆಯವರು ಹೇಳಲಿ. ನಾನು ಕಾಗದ ಪತ್ರ, ಔಷಧಿ, ಬಚ್ಚಲುಮನೆ ಹೇಳುತ್ತೇನೆ. ಮೂರರಲ್ಲೂ ಪೆಟ್ಟು ತಿಂದವನು.

ವೀಸಾ 10 ವರ್ಷಕ್ಕೆ ಇದೆ ಅಂದರೆ ಅಷ್ಟು ಕಾಲ ಇಲ್ಲಿ ಇರಬಹುದು ಅಂತಲ್ಲ. ವಿಮಾನ ಇಳಿದ ಕಡೆ ಇಮಿಗ್ರೇಷನ್ ಅಧಿಕಾರಿ ಎಷ್ಟು ದಿನ ಕೊಡುತ್ತಾರೋ ಅದೇ ಲೆಕ್ಕ. ಸಾಮಾನ್ಯವಾಗಿ 6 ತಿಂಗಳು ಕೊಡುತ್ತಾರೆ. ಯಾವ ತಾರೀಕಿನವರೆಗೆ ಇರಬಹುದು ಅನ್ನುವ ದಾಖಲೆ ಐ-94 ಅಂತ ಆನ್‌ಲೈನಿನಲ್ಲೇ ಸಿಗುತ್ತದೆ, ಬಂದ ವಾರದಲ್ಲೇ ತೆಗೆದು ತಾರೀಕು ನೋಡಿಕೊಳ್ಳಿ. ಯಾಕೆ ಬಂದಿರಿ ಅಂತ ಕೇಳಿದರೆ, ಮಗನ ಮನೆಗೆ, ಮೊಮ್ಮಕ್ಕಳನ್ನು ನೋಡೋಕೆ ಅಂತ ಇದ್ದದ್ದನ್ನು ಹೇಳಿದರೆ ಸಾಕು. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ಮಾವನಿಗೆ ಅವಮಾನ ಅನ್ನಿಸಬಹುದು, "ನಾನು ಮರ ಹತ್ತೋನು" ಅಂತ ರೇಗಬಹುದು. ನಡೆಯೋಕೆ ಆಗಲ್ಲ ಅಂತ ಅಲ್ಲ, ದೋಹಾದಲ್ಲೋ ದುಬೈಯಲ್ಲೋ ಮುಂದಿನ ಗೇಟಿಗೆ ಕರೆದುಕೊಂಡು ಹೋಗೋರು ಒಬ್ಬರು ಇರಲಿ ಅಂತ. ಅತ್ತೆ ಮಂಡಿ ಹೆಸರು ಹೇಳಿ ಇಬ್ಬರಿಗೂ ಹಾಕಿಸಿ.

ಇನ್ಶೂರೆನ್ಸ್. ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಎರಡು ಥರ ಇರುತ್ತದೆ. ಒಂದರಲ್ಲಿ ಒಂದೊಂದು ಚಿಕಿತ್ಸೆಗೆ ಇಷ್ಟೇ ದುಡ್ಡು ಅಂತ ಮೊದಲೇ ಬರೆದಿರುತ್ತಾರೆ. ಅಗ್ಗ, ಆದರೆ ಇಲ್ಲಿನ ಬಿಲ್ಲಿನ ಮುಂದೆ ಅದು ಯಾವ ಮೂಲೆಗೂ ಸಾಲುವುದಿಲ್ಲ. ಇನ್ನೊಂದು ಕಾಂಪ್ರಹೆನ್ಸಿವ್, ಹಾಗೆ ಚಿಕಿತ್ಸೆಗಿಷ್ಟು ಅಂತ ಕಟ್ಟದೆ ಬಿಲ್ಲಿನ ದೊಡ್ಡ ಪಾಲು ಕೊಡುವಂಥದ್ದು, ದುಬಾರಿ. ನಾನು ಜಾಣತನ ಮಾಡಿ ಮೊದಲನೆಯದನ್ನು ತಗೊಂಡೆ. ಅಪ್ಪನಿಗೆ ಒಂದು ರಾತ್ರಿ ಎದೆ ಹಿಡಿದುಕೊಂಡಿತು, ಎಮರ್ಜೆನ್ಸಿಗೆ ಹೋದೆವು, ಕೊನೆಗೆ ಗ್ಯಾಸ್ ಅಂತಾಯಿತು. ಬಿಲ್ಲು ನೋಡಿ ನನಗೆ ಎದೆ ಹಿಡಿದುಕೊಂಡಿತು. ಬಿಪಿ, ಶುಗರ್‌ನಂಥ ಮೊದಲೇ ಇರುವ ಕಾಯಿಲೆಯನ್ನು ಈ ಪಾಲಿಸಿಗಳು ಸಾಮಾನ್ಯವಾಗಿ ಸೇರಿಸುವುದಿಲ್ಲ. ಅದು ಇದ್ದಕ್ಕಿದ್ದಂತೆ ಕೆರಳಿದರೆ ಮಾತ್ರ ಕೊಡುತ್ತೇವೆ ಅನ್ನುವ 'ಅಕ್ಯೂಟ್ ಆನ್‌ಸೆಟ್' ಅನ್ನೋ ಸಾಲು ಇದೆಯಾ ನೋಡಿ, ಮಾವನಿಗೆ 70 ದಾಟಿರುವುದರಿಂದ ಆ ವಯಸ್ಸಿಗೆ ಎಷ್ಟರವರೆಗೆ ಅಂತಲೂ ನೋಡಿ. ಹಲ್ಲಿನ ಕೆಲಸ ಏನಿದ್ದರೂ ಊರಲ್ಲೇ ಮುಗಿಸಿಕೊಂಡು ಬರಲಿ. ಜ್ವರ, ಕೆಮ್ಮು, ಸಣ್ಣ ಪೆಟ್ಟಿಗೆಲ್ಲ ಎಮರ್ಜೆನ್ಸಿಗೆ ಓಡಬೇಡಿ, ಅರ್ಜೆಂಟ್ ಕೇರ್ ಅನ್ನೋ ಸಣ್ಣ ಕ್ಲಿನಿಕ್ ಸಾಕು.

ಮಾತ್ರೆ ಪೂರ್ತಿ ಅವಧಿಗೆ, ಮೇಲೆ ಹದಿನೈದು ದಿನಕ್ಕೆ ಜಾಸ್ತಿ. ಸ್ಟ್ರಿಪ್‌ನಲ್ಲೇ ಇರಲಿ, ಡಬ್ಬಿಗೆ ಸುರಿದು ತರಬೇಡಿ. ಡಾಕ್ಟರ ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಔಷಧಿಯ ಹೆಸರೂ ಇರಲಿ, ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಅಂತ. ನಮ್ಮೂರಿನ ಬ್ರ್ಯಾಂಡ್ ಹೆಸರು ಇಲ್ಲಿನವರಿಗೆ ಗೊತ್ತಾಗಲ್ಲ. ಎಲ್ಲವೂ ಕೈಚೀಲದಲ್ಲಿ.

ಬಚ್ಚಲು. ನಮ್ಮಮ್ಮ ಬಂದ ಮೊದಲ ದಿನ ಟಬ್ ಹತ್ತೋಕೆ ಹೆದರಿ ಹೊರಗೇ ಸ್ಟೂಲು ಹಾಕಿಕೊಂಡು ಚೊಂಬಿನಲ್ಲಿ ನೀರು ಹೊಯ್ದುಕೊಂಡರು. ನೆಲದಲ್ಲಿ ನೀರು ಹೋಗೋಕೆ ದಾರಿ ಇಲ್ಲವಲ್ಲ, ಕೆಳಗಿನ ಮನೆಯವರ ಚಾವಣಿ ಸೋರಿತು. ಟಬ್ ಒಳಗೆ ರಬ್ಬರ್ ಮ್ಯಾಟ್, ಪ್ಲಾಸ್ಟಿಕ್ ಸ್ಟೂಲು, ಬಕೆಟ್ಟು, ಚೊಂಬು ಇಡಿ. ಹಿಡಿದುಕೊಳ್ಳೋಕೆ ಗೋಡೆಗೆ ಸ್ಕ್ರೂ ಹಾಕಿದ ಕಂಬಿ ಹಾಕಿಸಿ, ರಬ್ಬರ್ ಬಟ್ಟಲು ಒತ್ತಿ ಗೋಡೆಗೆ ಅಂಟಿಸುವ ಥರದ್ದು ಭಾರ ಬಿದ್ದರೆ ಕಿತ್ತು ಬರುತ್ತದೆ. ಕಮೋಡಿಗೆ ಜೆಟ್ ಸ್ಪ್ರೇ. ಇದಿಷ್ಟನ್ನು ಅವರು ಬರುವ ಮೊದಲೇ ಮಾಡಿಬಿಡಿ.

---

ತೋಟದ ಹುಡುಗ

ಅಕ್ಕ, ನಾನು ಸಿದ್ದಾಪುರ ಕಡೆಯವನು, ಈಗ ಬೆಂಗಳೂರಲ್ಲಿದ್ದೇನೆ. ತಾರೀಕಿನ ವಿಷಯಕ್ಕೆ ಮಾತ್ರ ಉತ್ತರ.

ಏಪ್ರಿಲ್ ಮೊದಲ ವಾರ ಕರೆಸಿಕೊಳ್ಳಿ. ಕೊಯ್ಲು ಮುಗಿದಿರುತ್ತದೆ, ಅಡಿಕೆ ಒಳಗೆ ಸೇರಿರುತ್ತದೆ. ಜೂನ್ ಕೊನೆಗೆ ವಾಪಸ್ಸು ಕಳಿಸಿ. ಮಕ್ಕಳ ರಜೆಯ ಮೂರು ವಾರವಾದರೂ ಸಿಕ್ಕಿತು. ನಡುವೆ ಮೊದಲ ಮದ್ದು ಬರುತ್ತದೆ, ಅದೊಂದನ್ನು ಬೇರೆಯವರಿಗೆ ಬಿಡಲೇಬೇಕು. ಎರಡನೆಯದಕ್ಕೆ ಮಾವ ಊರಲ್ಲಿರುತ್ತಾರೆ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಗೋದು ಈಗ ಎಷ್ಟು ಕಷ್ಟ ಅಂತ ನಿಮ್ಮವರಿಗೆ ಗೊತ್ತಿರುತ್ತದೆ, ಹಾಗಾಗಿ ಹೊರಡುವ ಮೊದಲೇ ಮಾತಾಡಿ ಮುಂಗಡ ಕೊಟ್ಟು ಬರಲಿ. ಅಳತೆ ಮಾವನಿಗೆ ನಿದ್ದೆಗಣ್ಣಲ್ಲೂ ಗೊತ್ತು, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಅವರ ಚಿಂತೆ ಅಳತೆಯದ್ದಲ್ಲ. ಹೊಡೆಯೋನು ಒಂದೊಂದು ಅಡಿಕೆ ಗೊನೆಗೂ ಸರಿಯಾಗಿ ತಾಗಿಸುತ್ತಾನಾ, ಇಲ್ಲ ಮೇಲಿಂದ ಮೇಲೆ ಚಿಮುಕಿಸಿ ಇಳಿಯುತ್ತಾನಾ ಅನ್ನೋದು. ತಮ್ಮನ ಮಗನೋ, ಪಕ್ಕದ ತೋಟದವರೋ ಯಾರಾದರೂ ಕೆಳಗೆ ನಿಂತು ವಿಡಿಯೋ ಕಾಲ್ ಮಾಡಲಿ. ನಿಮ್ಮಲ್ಲಿ ರಾತ್ರಿ 8 ಗಂಟೆ ಅಂದರೆ ಊರಲ್ಲಿ ಬೆಳಗ್ಗೆ 6:30, ಸರಿಯಾಗಿ ಹೊಂದುತ್ತದೆ.

ತಮಾಷೆ ಮಾಡುತ್ತಿಲ್ಲ. ನಮ್ಮಪ್ಪ ಅಣ್ಣನ ಮನೆಗೆ ಡಲ್ಲಾಸಿಗೆ ಹೋಗಿದ್ದಾಗ ದಿನಾ ರಾತ್ರಿ ಊಟ ಆದಮೇಲೆ ಫೋನ್ ಹಿಡಿದು ಪೂರ್ತಿ ತೋಟ ಸುತ್ತುತ್ತಿದ್ದರು. "ಹಾಂ, ಆ ಕಾಲುವೆ ಹತ್ರ ತೋರಿಸು, ಅಲ್ಲಿ ಮಣ್ಣು ಕುಸಿದಿದ್ದಾ?" ಅಂತ. ಫೋನ್ ಹಿಡಿದು ಓಡಾಡೋನು ನಾನು. ರಜೆಗೆ ಊರಿಗೆ ಹೋದವನು ನಾನು, ತೋಟ ನೋಡಿದ್ದು ಅವರು.

---

ನೇರ ಮಾತು

ಒಂದು ಪ್ರಶ್ನೆ ಕೇಳಲಾ? ಬರುತ್ತಿರೋದು ನಿಮ್ಮ ಗಂಡನ ಅಪ್ಪ ಅಮ್ಮ. ಪಟ್ಟಿ ನೀವು ಯಾಕೆ ಬರೆಯುತ್ತಿದ್ದೀರಿ?

ಜಗಳಕ್ಕೆ ಕೇಳುತ್ತಿಲ್ಲ. ನಮ್ಮ ಮನೆಯಲ್ಲಿ ಆದದ್ದು ಇದೇ. ಅತ್ತೆ ಮಾವ ಆರು ತಿಂಗಳು ಇದ್ದರು, ಒಳ್ಳೆಯವರೇ, ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೆ ತಿಂಡಿ ಏನು, ಮಧ್ಯಾಹ್ನಕ್ಕೇನು, ಮಾತ್ರೆ ಆಯ್ತಾ, ಟಿವಿಯಲ್ಲಿ ಯಕ್ಷಗಾನ ಹಾಕಿಕೊಡು, ರಿಮೋಟ್ ಕೆಟ್ಟಿದೆ, ಎಲ್ಲವೂ ನನ್ನ ಹತ್ತಿರ. ಇವರು ಸಂಜೆ ಬಂದು "ಏನಮ್ಮಾ ಆರಾಮಾ" ಅಂತ ಐದು ನಿಮಿಷ ಕೂತರೆ ಮಗ ಎಷ್ಟು ಒಳ್ಳೆಯವನು ಅಂತ ಆಗುತ್ತಿತ್ತು. ನಾಲ್ಕನೇ ತಿಂಗಳಿಗೆ ನಾನು ಕಾರಿನಲ್ಲಿ ಕೂತು ಅಳುತ್ತಿದ್ದೆ, ಮನೆಯೊಳಗೆ ಅಳೋಕೂ ಜಾಗ ಇರಲಿಲ್ಲ.

ನಿಮ್ಮವರು ಮೊದಲ ವಾರ ಪೂರ್ತಿ ರಜೆ ಹಾಕಲಿ. ವಾರಕ್ಕೆ ಎರಡು ಸಂಜೆ ಅವರೇ ಅಪ್ಪ ಅಮ್ಮನನ್ನು ಎಲ್ಲಾದರೂ ಕರೆದುಕೊಂಡು ಹೋಗಲಿ, ನೀವು ಬರಲೇಬೇಕು ಅಂತಿಲ್ಲ. ಮತ್ತೆ ಅಡುಗೆಮನೆ ವಿಷಯ ಮೊದಲ ದಿನವೇ ಮಾತಾಡಿಕೊಳ್ಳಿ. ಬಿಟ್ಟುಕೊಡ್ತೀರಾ, ಪೂರ್ತಿ ಬಿಟ್ಟುಕೊಡಿ. ಅರ್ಧಂಬರ್ಧ ಕೊಟ್ಟು ಉಪ್ಪಿನ ಡಬ್ಬಿ ಜಾಗ ಬದಲಾಯ್ತು ಅಂತ ಮುಖ ಊದಿಸಬೇಡಿ. ನಾನು ಊದಿಸಿದ್ದೆ.

---

ನಿವೃತ್ತ ಮೇಷ್ಟ್ರು

ಇಲ್ಲಿ ಎಲ್ಲರೂ ಕರೆಸಿಕೊಂಡವರೇ ಬರೆದಿದ್ದೀರಿ. ನಾನು ಕರೆಸಿಕೊಳ್ಳಲ್ಪಟ್ಟವನು. ಶಿವಮೊಗ್ಗದವನು, ಮಗಳ ಮನೆಗೆ ನ್ಯೂಜೆರ್ಸಿಗೆ ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಆರು ತಿಂಗಳು, ಎರಡನೇ ಸಲ ಎರಡೂವರೆ. ಎರಡನೆಯದೇ ಚೆನ್ನಾಗಿತ್ತು, ಕಮ್ಮಿ ದಿನ ಅನ್ನೋದಷ್ಟೇ ಕಾರಣ ಅಲ್ಲ.

ಮೊದಲ ಸಲ ಮಗಳು ನಮ್ಮನ್ನು ಅಂಗೈಯಲ್ಲಿಟ್ಟು ನೋಡಿಕೊಂಡಳು. ಅದೇ ತೊಂದರೆ ಆಯಿತು. ತಟ್ಟೆ ಎತ್ತೋಕೆ ಹೋದರೆ "ಬಿಡಿ ಅಪ್ಪ". ಕಸದ ಡಬ್ಬ ಹೊರಗಿಡೋಕೆ ಹೋದರೆ "ಬಿಡಿ ಅಪ್ಪ, ಚಳಿ". ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಘಂಟೆ ಹೊಡೆದ ಹಾಗೆ ಬದುಕಿದವನು, ಕಿಟಕಿ ಹತ್ತಿರ ಕೂತು ಸ್ಕೂಲ್ ಬಸ್ಸು ಎಣಿಸುತ್ತಿದ್ದೆ. ಬೆಳಗ್ಗೆ ಏಳು, ಮಧ್ಯಾಹ್ನ ಏಳು. ಒಂದು ದಿನ ಆರೇ ಬಂದವು, ಸಂಜೆ ಮಗಳು ಬರುವವರೆಗೆ ಅದೇ ಚಿಂತೆ.

ಇನ್ನೊಂದು ದಿನ ಹಿತ್ತಲಲ್ಲಿ ಜಿಂಕೆ ಕಾಣಿಸಿತು. ಪಂಚೆ ಬನಿಯನ್ನಿನಲ್ಲೇ ಹೊರಗೆ ಹೋದೆ. ಹಿಂದೆ ಬಾಗಿಲು ಟಕ್ ಅಂತ ತಾನೇ ಬೀಗ ಬಿತ್ತು. ನಮ್ಮಾಕೆ ಮೇಲೆ ಮಲಗಿದ್ದಳು, ಅವಳಿಗೆ ಕಿವಿ ಸ್ವಲ್ಪ ಮಂದ. ಅಕ್ಟೋಬರ್ ತಿಂಗಳು. ಪಕ್ಕದ ಮನೆಯ ಅಜ್ಜಿ ಒಂದು ಕಂಬಳಿ, ಒಂದು ಕುರ್ಚಿ ತಂದು ಕೊಟ್ಟರು. ನನಗೆ ಅವರ ಇಂಗ್ಲಿಷ್ ಅರ್ಥ ಆಗಲಿಲ್ಲ, ಅವರಿಗೆ ನನ್ನದು. ಇಬ್ಬರೂ ಕೂತು ಜಿಂಕೆ ನೋಡಿದೆವು. ಆಮೇಲೆ ಅಳಿಯ ನಂಬರ್ ಒತ್ತುವ ಬೀಗ ಹಾಕಿಸಿದ, ಮಗಳು ಹುಟ್ಟಿದ ವರ್ಷವನ್ನೇ ನಂಬರ್ ಮಾಡಿದ, ನಾನು ಮರೆಯಬಾರದು ಅಂತ.

ಹಾಗಾಗಿ ಅಮ್ಮಾ, ಮನೆಯ ಬೀಗದ ಕೈ ನಿಮ್ಮ ಮಾವನ ಕೈಗೆ ಕೊಡಿ. ಫೋನಿಗೆ ಅಲ್ಲಿನ ಸಿಮ್ ಹಾಕಿಸಿ. ಜೇಬಿನಲ್ಲಿ ಇಪ್ಪತ್ತು ಡಾಲರ್, ವಿಳಾಸ ಬರೆದ ಚೀಟಿ ಇರಲಿ. ಒಂದು ನಡೆಯುವ ದಾರಿ ತೋರಿಸಿಕೊಡಿ, ಎರಡು ಮೂರು ದಿನ ಜೊತೆಗೆ ಹೋಗಿ, ಆಮೇಲೆ ಬಿಟ್ಟುಬಿಡಿ. ಹಿಂದಿನಿಂದ ಫೋನ್ ಮಾಡಿ ಎಲ್ಲಿದ್ದೀರಿ ಅಂತ ಕೇಳಬೇಡಿ. ಏನು ಬೇಕು ಅಂತ ನಮ್ಮನ್ನು ಕೇಳಲೂಬೇಡಿ. ನಾವು ಏನೂ ಬೇಡ ಅಂತಲೇ ಹೇಳೋದು.

ಎರಡನೇ ಸಲ ಮಗಳು ನನಗೆ ಎರಡು ಕೆಲಸ ವಹಿಸಿದಳು. ಮೊಮ್ಮಗಳನ್ನು ಬಸ್ಸಿಗೆ ಬಿಡೋದು, ಕರೆತರೋದು. ಬಂದ ಮೇಲೆ ಅರ್ಧ ಗಂಟೆ ಕನ್ನಡ. ನಾನು ಸ್ಲೇಟು ಬಳಪ ಹುಡುಕುತ್ತಿದ್ದೆ, ಆ ಹುಡುಗಿ ಅಡುಗೆಮನೆಯಿಂದ ಊರಿನ ಚಟ್ನಿಪುಡಿ, ಅವಲಕ್ಕಿ, ಹಪ್ಪಳದ ಪ್ಯಾಕೆಟ್ಟು ತಂದು ಮೇಜಿನ ಮೇಲೆ ಸುರಿದಳು. ಅದೇ ನಮ್ಮ ಪಠ್ಯ. 'ಹಪ್ಪಳ' ಅಂತ ತಾನೇ ಓದಿದ ದಿನ ಅವಳು ಕುಣಿದದ್ದಕ್ಕಿಂತ ನಾನು ಕುಣಿದದ್ದು ಜಾಸ್ತಿ. ಹತ್ತಿರದ ಕನ್ನಡ ಕೂಟಕ್ಕೂ ಕರೆದುಕೊಂಡು ಹೋಗಿ. ನಮಗೆ ಅಲ್ಲಿ ಬೃಂದಾವನ ಅನ್ನೋ ಕೂಟ ಇತ್ತು, ನಿಮಗೆ ಶಿಕಾಗೋದಲ್ಲಿ ವಿದ್ಯಾರಣ್ಯ ಕನ್ನಡ ಕೂಟ ಇದೆಯಲ್ಲ. ಕಾರ್ಯಕ್ರಮ ಹೇಗೇ ಇರಲಿ, ಊಟದ ಸಾಲಿನಲ್ಲಿ ತಮ್ಮ ವಯಸ್ಸಿನವರು ನಾಲ್ಕು ಜನ ಸಿಕ್ಕರೆ ಆಮೇಲೆ ಅವರೇ ಫೋನ್ ಮಾಡಿಕೊಳ್ಳುತ್ತಾರೆ.

ಒಂದು ಸಣ್ಣ ವಿಷಯ. ಜೂನ್‌ನಲ್ಲಿ ನಿಮ್ಮಲ್ಲಿ ಎಂಟೂವರೆಗೂ ಸೂರ್ಯ ಮುಳುಗಲ್ಲ. ಮಾವ ಸಂಜೆ ಸಂಧ್ಯಾವಂದನೆ ಆಗದೆ ಊಟ ಮಾಡದವರಾದರೆ ನಿಮ್ಮ ಮಕ್ಕಳ ಊಟದ ಹೊತ್ತಿಗೂ ಅವರದ್ದಕ್ಕೂ ತಾಳ ತಪ್ಪುತ್ತದೆ. ಮೊದಲೇ ಹೇಳಿಬಿಡಿ.

---

ಪುಣೆಯ ರೊಟ್ಟಿ

ನಮ್ಮದು ಅಮೆರಿಕ ಅಲ್ಲ, ಬರೀ ಪುಣೆ. ಆದರೂ ಕೇಳಿ. ನಮ್ಮವ್ವ ಗದಗ ಹತ್ತಿರದ ಹಳ್ಳಿಯಿಂದ ದೀಪಾವಳಿಗೆ ಬಂದು ಎರಡು ತಿಂಗಳು ಇರುತ್ತಾಳೆ. ಹನ್ನೆರಡನೇ ಮಹಡಿ. ಮೊದಲ ವರ್ಷ "ಇದೇನ್ ಗೂಡು" ಅಂತ ಹತ್ತೇ ದಿನಕ್ಕೆ ಹೊರಟಿದ್ದಳು. ಆಮೇಲೆ ಒಂದು ಬೆಳಗ್ಗೆ ಜೋಳದ ರೊಟ್ಟಿ ಬಡಿಯೋಕೆ ಕೂತಳು. ಆ ಸಪ್ಪಳ ಕೇಳಿ ಕೆಳಗಿನ ಮನೆಯವರು ಬಂದರು, ನಾನು ಬೈಗುಳ ಕೇಳೋಕೆ ತಯಾರಾಗಿ ಬಾಗಿಲು ತೆಗೆದೆ. ನೋಡಿದರೆ ಸೊಲ್ಲಾಪುರದ ಅಜ್ಜಿ, "ಭಾಕ್ರಿ?" ಅಂತ ಕಣ್ಣರಳಿಸಿ ನಿಂತಿದ್ದಾಳೆ. ಆಕೆಗೆ ಕನ್ನಡವೂ ಬರುತ್ತದೆ. ಈಗ ಅವ್ವ ನಮ್ಮ ಮನೆಗೆ ಬರೋದಾ ಆಕೆಯ ಮನೆಗೆ ಬರೋದಾ ಗೊತ್ತಾಗಲ್ಲ.

ಒಗ್ಗರಣೆ ಹಾಕೋಕೆ ಬಿಡಿ ಅಂತ ನನ್ನ ಮಾತು. ಹಾಂ, ನಿಮ್ಮಲ್ಲಿ ಹೊಗೆಗೆ ಅಲಾರಂ ಕಿರುಚುತ್ತಂತಲ್ಲ, ನಮ್ಮ ಅಕ್ಕನ ಅತ್ತೆ ಬಾಣಲೆ ಬಿಟ್ಟು ರಸ್ತೆಗೆ ಓಡಿದ್ದರಂತೆ. ಅದೊಂದು ಮೊದಲೇ ತೋರಿಸಿ.

---

ನೇಪರ್‌ವಿಲ್ ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ನಿಮ್ಮದನ್ನು ನಮ್ಮವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಜಿಂಕೆ ಬಂದಾಗ ನಕ್ಕರು, "ಬಿಡಿ ಅಪ್ಪ" ಬಂದಾಗ ಸುಮ್ಮನಾದರು.

'ನೇರ ಮಾತು' ಅವರ ಪ್ರಶ್ನೆಯನ್ನೂ ಓದಿದೆ. ಪಟ್ಟಿ ಈಗ ನಮ್ಮವರ ಕೈಯಲ್ಲಿದೆ! ಇನ್ಶೂರೆನ್ಸು, ಬಚ್ಚಲಿನ ಕಂಬಿ, ಬೀಗ ಎಲ್ಲ ಅವರದ್ದು. ಏಪ್ರಿಲ್ 4ಕ್ಕೆ ಬಂದು ಜೂನ್ 28ಕ್ಕೆ ಹೊರಡೋದು ಅಂತ ಟಿಕೆಟ್ ಆಯಿತು. ಮೊದಲ ಮದ್ದನ್ನು ಚಿಕ್ಕಪ್ಪನ ಮಗ ನಿಂತು ಹೊಡೆಸುತ್ತಾನೆ. ಮಾವ ಒಪ್ಪಿದ್ದಾರೆ, ಆದರೆ "ಫೋನ್ ಚಾರ್ಜ್ ಮಾಡಿಟ್ಕೊಳ್ಳೋಕೆ ಹೇಳು ಅವನಿಗೆ" ಅಂತ ಈಗಿನಿಂದಲೇ ಶುರು ಮಾಡಿದ್ದಾರೆ. ನಯಾಗರಾ ಫೋಟೋ ಕಳಿಸಿದ್ದೆ, ಎಷ್ಟು ಎತ್ತರ ಅಂತ ಕೇಳಿದರು. ಐವತ್ತು ಮೀಟರ್ ಚಿಲ್ಲರೆ ಅಂದೆ. "ನಮ್ಮ ಜೋಗ 253, ಅದರ ಕಾಲು ಭಾಗವೂ ಆಗ್ಲಿಲ್ಲ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಬೇಸಿಗೆಯಲ್ಲೂ ನೀರಿರ್ತದಾ?" ಅಂತ. ಇರುತ್ತದೆ ಅಂದಿದ್ದಕ್ಕೆ ಹೋಗೋಣ ಅಂದಿದ್ದಾರೆ.

ಮಾವನ ಕವಳದ (ಎಲೆ ಅಡಿಕೆ) ವಿಷಯ ಇನ್ನೂ ಬಾಕಿ ಇದೆ. ಎಲೆ ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ಉಗುಳೋದು ಎಲ್ಲಿ ಅನ್ನೋದು ಪ್ರಶ್ನೆ. ಅದನ್ನೂ ಮಗನೇ ಅಪ್ಪನ ಹತ್ತಿರ ಮಾತಾಡಲಿ.

ಕೊನೆಯದೊಂದು. ಅತ್ತೆ ಬ್ಯಾಗಿಗೆ ಏನೇನು ತುಂಬುತ್ತಿದ್ದಾರೆ ಅಂತ ನೋಡಿದರೆ ಹೆದರಿಕೆ ಆಗುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಸರಿ. ಕರಿಬೇವು, ಒಣಕೊಬ್ಬರಿ, ಮತ್ತೆ ಹಿತ್ತಲಿನ ಬಸಳೆ ಕುಡಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಾರಂತೆ, "ನಿಂಗಳ ಮನೆ ಹಿಂದೆ ಜಾಗ ಇದ್ದಲ್ಲ" ಅಂತ. ಏನು ಹೇಳಲಿ?

---

ಲೆಕ್ಕದ ಮನುಷ್ಯ

ಬೇಡವೇ ಬೇಡ. ಕರಿಬೇವು ಹಸಿ ಎಲೆಯನ್ನು ಒಳಗೆ ಬಿಡುವುದಿಲ್ಲ, ಇಲ್ಲಿನ ಕಿತ್ತಳೆ ನಿಂಬೆ ಗಿಡಗಳಿಗೆ ರೋಗ ತರುವ ಹುಳ ಅದರ ಜೊತೆ ಬರುತ್ತದೆ ಅಂತ. ಗಿಡದ ಕುಡಿ, ಹಣ್ಣು, ತರಕಾರಿ ಕೂಡ ಅಷ್ಟೇ. ಒಣಕೊಬ್ಬರಿಯನ್ನು ನಮ್ಮ ಏರ್‌ಪೋರ್ಟಿನಲ್ಲೇ ತೆಗೆಸುತ್ತಾರೆ, ಎಣ್ಣೆ ಅಂಶಕ್ಕೆ ಬೆಂಕಿ ಹತ್ತುವ ಸಾಮಾನು ಅಂತ ಲೆಕ್ಕ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ, ಮೂರು ಕವರ್ ಹಾಕಿ ದೊಡ್ಡ ಬ್ಯಾಗಿಗೆ. ತಿನ್ನುವ ಸಾಮಾನು ಇದೆಯಾ ಅಂತ ಕಸ್ಟಮ್ಸಿನಲ್ಲಿ ಕೇಳಿದರೆ ಇದೆ ಅಂತಲೇ ಹೇಳಲಿ, ಹೇಳದೆ ಸಿಕ್ಕಿಬಿದ್ದರೆ ದಂಡ.

---

ನಿವೃತ್ತ ಮೇಷ್ಟ್ರು

ಬಸಳೆಗೆ ದಾರಿ ಇದೆ. ಚೀನಾ, ವಿಯೆಟ್ನಾಂನವರ ತರಕಾರಿ ಅಂಗಡಿಯಲ್ಲಿ ಕಂತೆ ಕಂತೆ ಸಿಗುತ್ತದೆ, ಮಗಳು ಅಲ್ಲಿಂದಲೇ ತರುತ್ತಿದ್ದಳು. ಎಲೆ ಹುಳಿಗೆ ಹಾಕಿ, ದಪ್ಪ ದಂಟು ಎರಡು ಉಳಿಸಿ ನೀರಿನ ಲೋಟದಲ್ಲಿ ನಿಲ್ಲಿಸಿ, ಬೇರು ಬಿಡುತ್ತದೆ. ನಿಮ್ಮಲ್ಲಿ ಮೇ ಅರ್ಧದವರೆಗೂ ರಾತ್ರಿ ಹಿಮ ಬೀಳುವ ಭಯ ಇದೆ, ಅಲ್ಲಿವರೆಗೆ ಕಿಟಕಿ ಹತ್ತಿರವೇ ಇರಲಿ. ನೀವು ನೆಡೋಕೆ ಹೋಗಬೇಡಿ. ಚಪ್ಪರಕ್ಕೆ ನಾಲ್ಕು ಕೋಲು ತಂದಿಡಿ, ಸಾಕು.